ಕನ್ನಡಿಯ ಮುಂದೆ: ಬಿಳುಪಲ್ಲ, ಸಮಬಣ್ಣ



ರಾಜ್ಯೋತ್ಸವ ಹತ್ತಿರವಾದ ಹಾಗೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳೆಲ್ಲ ಒಂದೇ ಕಡೆಗೆ ತಿರುಗುತ್ತವೆ. "ಆಂಟಿ, ಡ್ಯಾನ್ಸಿಗೆ ಮೇಕಪ್ ನಾವೇ ಹಾಕ್ಕೋಬಹುದಾ?" "ಫೋಟೋದಲ್ಲಿ ಮುಖ ಒಂದು ಬಣ್ಣ, ಕುತ್ತಿಗೆ ಒಂದು ಬಣ್ಣ ಬರುತ್ತೆ, ಯಾಕೆ?" ಕಾಲೇಜು ಮುಗಿಸಿದವರ ಪ್ರಶ್ನೆ ಇನ್ನೊಂದು: "ಇಂಟರ್‌ವ್ಯೂಗೆ ಹೋಗಬೇಕು, ಹಚ್ಚಿಕೊಂಡಿದ್ದು ಗೊತ್ತಾಗಬಾರದು." ಮೂರಕ್ಕೂ ಉತ್ತರ ಹೆಚ್ಚುಕಡಿಮೆ ಒಂದೇ. ಹುಡುಗರೂ ಓದಬಹುದು, ಸ್ಟೇಜಿನ ದೀಪಕ್ಕೆ ಗಂಡು ಹೆಣ್ಣು ಎಂಬ ಭೇದವಿಲ್ಲ.

ನೀವು ಹುಟ್ಟಿ ಬೆಳೆದ ಈ ಚೆನ್ನೈ ಒಂದು ಕಾಲಕ್ಕೆ ಮೇಕಪ್ಪಿನ ತವರುಮನೆ. ಈಗ ನೀವು ಬಸ್ಸಿನಲ್ಲಿ ಜೆಮಿನಿ ಎಂದು ಇಳಿಯುತ್ತೀರಲ್ಲ, ಆ ಹೆಸರು ಬಂದಿದ್ದು ಎಸ್.ಎಸ್. ವಾಸನ್ 1940ರಲ್ಲಿ ಕಟ್ಟಿದ ಜೆಮಿನಿ ಸ್ಟುಡಿಯೋದಿಂದ. ಅಲ್ಲಿ ಕೆಲಸಕ್ಕಿದ್ದ ತಮಿಳು ಲೇಖಕ ಅಶೋಕಮಿತ್ರನ್ ತಮ್ಮ ಇಂಗ್ಲಿಷ್ ನೆನಪುಗಳಲ್ಲಿ ಅಲ್ಲಿಯ ಮೇಕಪ್ ವಿಭಾಗದ ಬಗ್ಗೆ ಸೊಗಸಾಗಿ ಬರೆದಿದ್ದಾರೆ. ಸಿ.ಬಿ.ಎಸ್.ಇ.ಯವರು 12ನೇ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ಅದನ್ನು ಓದಿರುತ್ತೀರಿ. ಲಾರಿಗಟ್ಟಲೆ ಬರುತ್ತಿದ್ದ 'ಪ್ಯಾನ್‌ಕೇಕ್', ಕುದಿಯುವಂತೆ ಮಾಡುವ ದೀಪಗಳು, ನೋಡುವಂತಿದ್ದ ಮುಖವನ್ನು ಕೆಂಪು ರಾಕ್ಷಸನಂತೆ ಮಾಡಿಬಿಡುವ ಕಲಾವಿದರು! ಮೊದಲು ಬಂಗಾಳಿ, ಆಮೇಲೆ ಮರಾಠಿ ಮುಖ್ಯಸ್ಥರಿದ್ದ ಆ ಗುಂಪಿನಲ್ಲಿ ಧಾರವಾಡದ ಕನ್ನಡಿಗರೊಬ್ಬರೂ ಇದ್ದರೆಂದು ಅವರು ಬರೆದಿದ್ದಾರೆ. ಪರೀಕ್ಷೆಗೆ ಓದುವಾಗ ಆ ಸಾಲನ್ನು ನೀವು ದಾಟಿಹೋಗಿರಬಹುದು, ಇನ್ನೊಮ್ಮೆ ತೆಗೆದು ನೋಡಿ.

ಆ ದಪ್ಪ ಲೇಪಕ್ಕೆ ಕಾರಣವಿತ್ತು. ಬಹುಪಾಲು ಚಿತ್ರೀಕರಣ ಸ್ಟುಡಿಯೋ ಒಳಗೆ, ಪ್ರಖರ ದೀಪದ ಕೆಳಗೆ. ಪ್ಯಾನ್‌ಕೇಕನ್ನು ಮ್ಯಾಕ್ಸ್ ಫ್ಯಾಕ್ಟರ್ ಕಂಪನಿ 1930ರ ದಶಕದಲ್ಲಿ ಹಾಲಿವುಡ್ಡಿನ ಟೆಕ್ನಿಕಲರ್ ಚಿತ್ರಗಳಿಗಾಗಿ ತಯಾರಿಸಿತು, ನಿಮ್ಮ ಬಾಲ್ಕನಿಯ ಬೆಳಕಿಗಲ್ಲ. ನಮ್ಮ ಯಕ್ಷಗಾನದಲ್ಲೂ ಹಾಗೆಯೇ. ತೆಂಕುತಿಟ್ಟಿನ ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ಕೂತು ಚುಟ್ಟಿ ಇಡುವುದು ಮನುಷ್ಯನ ಮುಖ ಮುಚ್ಚಿ ರಾಕ್ಷಸನನ್ನು ಎಬ್ಬಿಸುವುದಕ್ಕೆ. ನಮಗೆ ಬೇಕಾದದ್ದು ಅದರ ತದ್ವಿರುದ್ಧ: ಮುಖ ನಿಮ್ಮದೇ ಇರಬೇಕು, ಕಲೆ, ಮಂಕು ಮಾತ್ರ ಹಿಂದೆ ಸರಿಯಬೇಕು.

ಇನ್ನು ಕೆಲಸಕ್ಕೆ ಬರೋಣ. ಮುಖ ತೊಳೆದು ಹತ್ತಿಯ ಟವೆಲಿನಿಂದ ಒತ್ತಿಕೊಳ್ಳಿ, ತಿಕ್ಕಬೇಡಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಬೋರ್ ನೀರು, ಅದು ಗಡಸು. ಅದಕ್ಕೇ ಸೋಪು ಹಾಕಿ ತೊಳೆದ ಮೇಲೆ ಚರ್ಮ ಬಿಗಿದ ಹಾಗಾಗುತ್ತದೆ, ಪೌಡರ್ ಹಾಕಿದರೆ ಸಿಪ್ಪೆ ಎದ್ದ ಹಾಗೆ ಕಾಣುತ್ತದೆ. ಆದ್ದರಿಂದ "ನನ್ನದು ಎಣ್ಣೆ ಮುಖ, ಕ್ರೀಮ್ ಯಾಕೆ?" ಎನ್ನಬೇಡಿ. ನೀರಿನಂತೆ ತೆಳುವಾದ ಜೆಲ್ ಮಾಯಿಶ್ಚರೈಸರ್ ಸ್ವಲ್ಪ ಹಚ್ಚಿ. ಹಗಲು ಹೊರಗೆ ಹೋಗುವುದಾದರೆ ಮೇಲೆ ಎಸ್.ಪಿ.ಎಫ್. 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್. ಹಳೆಯ ಮೊಡವೆಯ ಕಲೆಗಳನ್ನು ಬಿಸಿಲು ಇನ್ನಷ್ಟು ಗಾಢ ಮಾಡುತ್ತದೆ. ಐದು ಹತ್ತು ನಿಮಿಷ ಫ್ಯಾನಿನ ಕೆಳಗೆ ಕೂರಿ, ಅಷ್ಟರಲ್ಲಿ ಅಮ್ಮನಿಗೆ ಹೂ ಕಟ್ಟಿಕೊಡಬಹುದು. ಒದ್ದೆಯ ಮೇಲೇ ಬಣ್ಣ ಹಚ್ಚಿದರೆ ಉಂಡೆಗಟ್ಟುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ: ಫೌಂಡೇಶನ್ನಿನ ಶೇಡ್. ಪಾಂಡಿಬಜಾರಿನಲ್ಲಾಗಲಿ ರಂಗನಾಥನ್ ಸ್ಟ್ರೀಟಿನಲ್ಲಾಗಲಿ ಕೇಳಿ ನೋಡಿ, ಅಂಗಡಿಯವರು ನಿಮ್ಮ ಮುಖ ನೋಡಿ ಒಂದೆರಡು ಮೆಟ್ಟಿಲು ಬಿಳಿಯದನ್ನೇ ಮುಂದಿಡುವ ಸಂಭವ ಹೆಚ್ಚು. ಜೊತೆಗೆ ಬಂದ ಅತ್ತೆಯೋ ದೊಡ್ಡಮ್ಮನೋ "ಇದೇ ಇರಲಿ, ಸ್ವಲ್ಪ ಕಳೆ ಬರುತ್ತೆ" ಎನ್ನುತ್ತಾರೆ. ಅವರ ಮೇಲೆ ಸಿಟ್ಟು ಬೇಡ. ಫೇರ್ ಅಂಡ್ ಲವ್ಲಿ ಕ್ರೀಮ್ ನಮ್ಮ ದೇಶದಲ್ಲಿ ಬಂದಿದ್ದು 1975ರಲ್ಲಿ, ಹೆಸರಿನಿಂದ 'ಫೇರ್' ಎಂಬ ಮಾತು ಹೋಗಿದ್ದು 2020ರಲ್ಲಿ. ನಡುವಿನ 45 ವರ್ಷ ಆ ಜಾಹೀರಾತುಗಳನ್ನು ನೋಡಿಯೇ ಅವರು ದೊಡ್ಡವರಾದರು. ಆದರೆ ಮಾತು ಕೇಳಬೇಡಿ. ಬಿಳಿ ಶೇಡ್ ಹಚ್ಚಿದ ಕಂದು ಮುಖ ಬಿಳಿಯಾಗುವುದಿಲ್ಲ, ಬೂದಿ ಬಳಿದ ಹಾಗಾಗುತ್ತದೆ. ಫೋಟೋದಲ್ಲಿ ನಿಮ್ಮ ಕುತ್ತಿಗೆ ಬೇರೆ ಬಂದಿದ್ದಕ್ಕೆ ಮುಖ್ಯ ಕಾರಣ ಇದೇ.

ಶೇಡನ್ನು ಮುಂಗೈ ಮೇಲೆ ನೋಡಬೇಡಿ, ಕೈಯ ಬಣ್ಣ ಬೇರೆ. ದವಡೆಯ ಅಂಚಿನಲ್ಲಿ, ಮುಖವೂ ಕುತ್ತಿಗೆಯೂ ಸೇರುವಲ್ಲಿ ಪಕ್ಕಪಕ್ಕ ಎರಡು ಮೂರು ಗೀಟು ಎಳೆದು, ಅಂಗಡಿಯ ಟ್ಯೂಬ್‌ಲೈಟಿನಿಂದ ಹೊರಗೆ ಬಂದು ಹಗಲು ಬೆಳಕಿನಲ್ಲಿ ಕನ್ನಡಿ ಹಿಡಿಯಿರಿ. ಕಾಣದೆ ಮಾಯವಾದ ಗೀಟು ನಿಮ್ಮದು. ಹತ್ತು ನಿಮಿಷ ಕಾದು ಇನ್ನೊಮ್ಮೆ ನೋಡಿ, ಗಾಳಿಗೆ ಕೆಲವು ಫೌಂಡೇಶನ್ ಗಾಢವಾಗುತ್ತವೆ. ನಮ್ಮವರಲ್ಲಿ ಬಹಳ ಮಂದಿಗೆ ಹಣೆ, ಬಾಯಿಯ ಸುತ್ತ ಸ್ವಲ್ಪ ಗಾಢ, ಕೆನ್ನೆ ತಿಳಿ. ಇದು ರೋಗವಲ್ಲ. ಕೆನ್ನೆಗೆ ಹೊಂದುವುದನ್ನು ತಂದು ಇಡೀ ಮುಖಕ್ಕೆ ಬಳಿಯಬೇಡಿ, ಕುತ್ತಿಗೆಗೆ ಹೊಂದುವುದನ್ನೇ ತನ್ನಿ. ಬಣ್ಣದೊಳಗಿನ ಛಾಯೆಯನ್ನೂ ಗಮನಿಸಿ. ಅರಿಶಿನದ ಛಾಯೆಯ ಚರ್ಮಕ್ಕೆ ಗುಲಾಬಿ ಛಾಯೆಯ ಫೌಂಡೇಶನ್ ಹಚ್ಚಿದರೆ ಮುಖ ಬೇರೆಯವರದೆನಿಸುತ್ತದೆ.

ಒಂದು ಬಟಾಣಿ ಕಾಳಿನಷ್ಟು ಸಾಕು. ಹಣೆ, ಮೂಗು, ಗಲ್ಲ, ಎರಡು ಕೆನ್ನೆ, ಹೀಗೆ ಚುಕ್ಕೆ ಇಟ್ಟು, ನೀರಿನಲ್ಲಿ ನೆನೆಸಿ ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಮಧ್ಯದಿಂದ ಹೊರಕ್ಕೆ ಮೆಲ್ಲಗೆ ಒತ್ತುತ್ತಾ ಹೋಗಿ. ಎಳೆಯಬೇಡಿ, ದೋಸೆ ಹುಯ್ಯುವ ಹಾಗೆ ತಿರುಗಿಸಲೂ ಬೇಡಿ. ಆ ಹಳೆಯ ಪ್ಯಾನ್‌ಕೇಕನ್ನೂ ಒದ್ದೆ ಸ್ಪಂಜಿನಿಂದಲೇ ಹಚ್ಚುತ್ತಿದ್ದರು. ದವಡೆಯ ಕೆಳಗೆ ಹೋಗಿ ಕುತ್ತಿಗೆಯಲ್ಲಿ ಕರಗಿಸಿ, ಕಿವಿಯನ್ನು ಮರೆಯಬೇಡಿ.

ಕಣ್ಣಿನ ಕೆಳಗಿನ ಕಪ್ಪಿಗೆ ಮಾತ್ರ ಬೇರೆ ಯುಕ್ತಿ. ಅಲ್ಲಿ ಕಾಣುವುದು ನೀಲಿ ಬೆರೆತ ಬೂದು. ಅದರ ಮೇಲೆ ನೇರ ತಿಳಿ ಕನ್ಸೀಲರ್ ಹಾಕಿದರೆ ಬೂದಿಯೇ ಉಳಿಯುತ್ತದೆ. ಚಿತ್ರಕಲೆ ಕಲಿತವರಿಗೆ ಗೊತ್ತು, ನೀಲಿಯ ಎದುರಾಳಿ ಕಿತ್ತಳೆ. ಹಾಗಾಗಿ ಮೊದಲು ಕಿತ್ತಳೆ ಛಾಯೆಯ ಕರೆಕ್ಟರ್ ಒಂದು ಸಾಸಿವೆಯಷ್ಟು, ಮೇಲೆ ನಿಮ್ಮ ಬಣ್ಣದ ಕನ್ಸೀಲರ್. ಉಂಗುರದ ಬೆರಳಿನಿಂದ ಒತ್ತಿ, ಅದಕ್ಕೆ ಬಲ ಕಡಿಮೆ. ಮೊಡವೆಯ ಕಲೆಗೆ ಚುಕ್ಕೆ ಇಟ್ಟು ಅಂಚು ಮಾತ್ರ ಕರಗಿಸಿದರೆ ಸಾಕು.

ಕೊನೆಗೆ ಪೌಡರ್. ನಮ್ಮ ಸೆಕೆಗೆ ಹಣೆ, ಮೂಗು, ಗಲ್ಲ ಹೊಳೆಯುತ್ತವೆ, ಅಲ್ಲಷ್ಟೇ ಪಫ್‌ನಿಂದ ಒತ್ತಿ. ಬೆವರಿದಾಗ ಮೊದಲು ಟಿಶ್ಯೂ ಇಟ್ಟು ಬೆವರು ಹೀರಿಸಿ, ಆಮೇಲೆ ಪೌಡರ್. ಬೆವರಿನ ಮೇಲೇ ಹಾಕಿದರೆ ತಿಟ್ಟುತಿಟ್ಟಾಗಿ ಕೂರುತ್ತದೆ. ಫ್ಲಾಶ್ ಹಾಕಿ ಫೋಟೋ ತೆಗೆಯುವ ಸಂಜೆ ಬಿಳಿ ಪೌಡರ್ ಜಾಸ್ತಿ ಹಾಕಬೇಡಿ, ಅದು ಬೆಳಕನ್ನು ವಾಪಸ್ ಎಸೆಯುತ್ತದೆ. ಕನ್ನಡಿಯಲ್ಲಿ ಕಾಣದ ಬಿಳುಪು ಫೋಟೋದಲ್ಲಿ ಬಂದು ಕೂರುತ್ತದೆ. ಸ್ಟೇಜಿಗೆ ದೂರದಿಂದ ಕಾಣಬೇಕೆಂದರೆ ಹುಬ್ಬು, ಕಣ್ಣು, ತುಟಿಯನ್ನು ತಿದ್ದಿ, ಕೆನ್ನೆಗೆ ಸ್ವಲ್ಪ ಕೆಂಪು ಹೆಚ್ಚಿಸಿ. ಬಣ್ಣದ ಶೇಡ್ ಬದಲಿಸಬೇಡಿ.

ಒಂದು ಗಂಭೀರವಾದ ಮಾತು ಇದೆ. ಗೆಳತಿಯೊಬ್ಬಳು ಹೇಳಿದಳೆಂದು ಮೆಡಿಕಲ್ ಶಾಪಿನಲ್ಲಿ ಸಿಗುವ ಚಿಕ್ಕ ಟ್ಯೂಬ್ ತಂದು "ಮುಖ ಬೆಳ್ಳಗಾಗುತ್ತೆ" ಎಂದು ಹಚ್ಚುವವರು ನಮ್ಮ ನಡುವೆ ಇದ್ದಾರೆ. ಎಷ್ಟೋ ಟ್ಯೂಬುಗಳಲ್ಲಿರುವುದು ಸ್ಟೆರಾಯ್ಡ್. ಮೊದಲ ವಾರಗಳಲ್ಲಿ ಮುಖ ತಿಳಿಯಾದಂತೆ ಕಂಡೀತು. ಆಮೇಲೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣುತ್ತವೆ, ಮೊಡವೆ ಏಳುತ್ತವೆ, ಕೂದಲೂ ಬೆಳೆಯಬಹುದು. ನಿಲ್ಲಿಸಿದರೆ ಉರಿ, ಕೆಂಪು ಇನ್ನೂ ಜೋರು, ಅದಕ್ಕೆ ಹೆದರಿ ಮತ್ತೆ ಹಚ್ಚುತ್ತಾರೆ. ಇಂಥ ಹಲವು ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ತಯಾರಕರ ಹೆಸರಿಲ್ಲದ ಬಿಳುಪಿನ ಕ್ರೀಮುಗಳಲ್ಲಿ ಪಾದರಸ ಇರುವುದೂ ಉಂಟು, ಅದು ಮೂತ್ರಪಿಂಡಕ್ಕೆ ಕೆಡುಕು. ಈಗಾಗಲೇ ಹಚ್ಚುತ್ತಿದ್ದರೆ ನಾಚಿಕೆ ಬೇಡ, ಟ್ಯೂಬನ್ನೇ ಕೈಯಲ್ಲಿ ಹಿಡಿದು ಚರ್ಮದ ಡಾಕ್ಟರ ಹತ್ತಿರ ಹೋಗಿ. ಅಮ್ಮನಿಗೆ ಹೇಳಲು ಕಷ್ಟವೆನಿಸಿದರೆ ಅಕ್ಕನಿಗೋ ಚಿಕ್ಕಮ್ಮನಿಗೋ ಹೇಳಿ.

ಹೊಸದು ಏನೇ ತಂದರೂ ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಒಂದು ದಿನ ಕಾಯಿರಿ. ಕಾರ್ಯಕ್ರಮದ ದಿನವೇ ಮೊದಲ ಸಲ ಹಚ್ಚಬೇಡಿ, ಹಿಂದಿನ ಭಾನುವಾರ ಒಮ್ಮೆ ಹಚ್ಚಿ ಎರಡು ಗಂಟೆ ಮನೆಯಲ್ಲೇ ಓಡಾಡಿ ನೋಡಿ. ಗ್ರೀನ್‌ರೂಮಿನಲ್ಲಿ ಹತ್ತು ಜನಕ್ಕೆ ಒಂದೇ ಸ್ಪಂಜು, ಒಂದೇ ಕಾಡಿಗೆ ಕಡ್ಡಿ ತಿರುಗಿಸಬೇಡಿ. 'ಮದ್ರಾಸ್ ಐ' ಎಂದು ಕರ್ನಾಟಕದಲ್ಲೂ ನಮ್ಮೂರಿನ ಹೆಸರು ಹೊತ್ತು ತಿರುಗುವ ಕಣ್ಣುಬೇನೆ ಇಂಥಲ್ಲಿಯೇ ಹರಡುವುದು.

ರಾತ್ರಿ ಎಷ್ಟೇ ಸುಸ್ತಾಗಿರಲಿ, ಮೇಕಪ್ ತೆಗೆಯದೆ ಮಲಗಬೇಡಿ. ಮೇಳದ ಕಲಾವಿದರು ಬೆಳಗಿನ ಜಾವ ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸುತ್ತಾರೆ. ನಿಮಗೂ ಅದು ಆಗುತ್ತದೆ, ಮೊಡವೆಯ ಮುಖದವರು ಮಾತ್ರ ಎಣ್ಣೆ ಬಿಟ್ಟು ಮೇಕಪ್ ರಿಮೂವರ್ ಬಳಸಲಿ. ಹತ್ತಿಯಲ್ಲಿ ಒರೆಸಿ, ಆಮೇಲೆ ಸೌಮ್ಯ ಫೇಸ್‌ವಾಶ್. ಸ್ಪಂಜನ್ನು ಸೋಪಿನಲ್ಲಿ ತೊಳೆದು ಗಾಳಿಗೆ ಒಣಹಾಕಿ. ನವೆಂಬರ್ ಮಳೆಗಾಲದಲ್ಲಿ ಒದ್ದೆ ಸ್ಪಂಜನ್ನು ಡಬ್ಬಿಗೆ ಹಾಕಿಟ್ಟರೆ ಬೇಗ ಬೂಷ್ಟು ಹಿಡಿಯುತ್ತದೆ.