ಭುಜದೊಳಗಿನ ಗೂಟ

ಮುಂಡರಗಿಯ ಮಾರುಕಟ್ಟೆಯಲ್ಲಿ ಚೀಲ ಹೊರುವವರ ಭುಜ ನೊಂದರೆ ‘ನರ ಹರಿದಿದೆ’ ಎನ್ನುವುದು ವಾಡಿಕೆ. ಹಲವು ವೇಳೆ ಹರಿದಿರುವುದು ನರವಲ್ಲ. ಮಾಂಸಖಂಡವನ್ನು ಎಲುಬಿಗೆ ಬಿಗಿದಿರುವ ಸ್ನಾಯುರಜ್ಜು. ಶಸ್ತ್ರವೈದ್ಯರು ಎಲುಬಿನಲ್ಲಿ ಸಣ್ಣ ರಂಧ್ರ ಕೊರೆದು, ದಾರ ಪೋಣಿಸಿದ ‘ಆಂಕರ್’ ಕೂಡಿಸಿ, ಆ ದಾರದಿಂದ ರಜ್ಜುವನ್ನು ಬಿಗಿಯುತ್ತಾರೆ. ಆಂಕರ್ ಎಂದರೆ ಹಡಗಿನ ಲಂಗರು. ನಮ್ಮ ಸೀಮೆಯವರಿಗೆ ದನ ಕಟ್ಟುವ ಗೂಟವೆಂದರೆ ಬೇಗ ತಿಳಿದೀತು. ಟೈಟೇನಿಯಂ ಲೋಹದ್ದು ಒಳಗೇ ಉಳಿಯುತ್ತದೆ. ಕರಗುವ ಬಗೆಯದೂ ಉಂಟು.

ಗೂಟದ ಆಸರೆ ತಾತ್ಕಾಲಿಕ. ರಜ್ಜು ಎಲುಬಿಗೆ ಬೆಸೆಯಲು ಸುಮಾರು 12 ವಾರ ಬೇಕು. ಭಾರ ಹೊರಲು ಇನ್ನೂ ಹೆಚ್ಚು. ನೋವು ಮಾತ್ರ ಅದಕ್ಕೂ ಮೊದಲೇ ತಗ್ಗುತ್ತದೆ, ಅಪಾಯವಿರುವುದು ಅಲ್ಲಿಯೇ. ಕೂಲಿ ತಪ್ಪಿತೆಂದು ಆರನೆಯ ವಾರಕ್ಕೇ ಚೀಲಕ್ಕೆ ಕೈ ಹಾಕಿದರೆ ದಾರವು ರಜ್ಜುವನ್ನು ಕೊಯ್ದು ಹೊರಬರಬಹುದು. ಶಸ್ತ್ರಕ್ರಿಯೆಗೆ ಹಣ ಹೊಂದಿಸುವವರು ಆ ತಿಂಗಳುಗಳ ರೊಟ್ಟಿಯ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಬೇಕೆಂದು ಓದುಗ ಬಂಧುಗಳಲ್ಲಿ ಬಿನ್ನವಿಸುತ್ತೇವೆ.