ಅದೇ ಹಾಡು ಬೇಡ ಅಂದವರು

ಮೊನ್ನೆ ರಾತ್ರಿ ಅಡುಗೆಮನೆ ಕೆಲಸ ಮುಗಿಸಿ, ಮಗಳು ಕಳಿಸಿದ್ದ ಆಲ್ಬಮ್ ಕೇಳೋಣ ಅಂತ ಇಯರ್‌ಫೋನ್ ಹಾಕ್ಕೊಂಡೆ. ಎಷ್ಟು ಹೊತ್ತಾದರೂ ಸರಿಯಾಗಿ ಏನೂ ಕೇಳಿಸ್ತಿಲ್ಲ. ಫೋನ್ ಕೆಟ್ಟಿತೇನೋ ಅಂತ ವಾಲ್ಯೂಮ್ ಜಾಸ್ತಿ ಮಾಡಿದೆ. ದೂರದಲ್ಲೆಲ್ಲೋ ಒಂದು ಟ್ರಂಪೆಟ್, ಉಸಿರು ಬಿಟ್ಟಷ್ಟೇ ಮೆಲ್ಲಗೆ!

ಅದು ಇಂಗ್ಲೆಂಡಿನ ‘ಟಾಕ್ ಟಾಕ್’ ತಂಡದ್ದು. 1984ರಲ್ಲಿ ‘ಇಟ್ಸ್ ಮೈ ಲೈಫ್’ ಹಾಡಿದ್ದವರು ಇವರೇನಾ ಅನ್ನಿಸಿತು. ಸಿಂಥಸೈಜರ್ ಪಾಪ್‌ನಿಂದ ಹೆಸರು ಮಾಡಿದವರು. 1986ರ ‘ದ ಕಲರ್ ಆಫ್ ಸ್ಪ್ರಿಂಗ್’ ಬ್ರಿಟನ್ನಿನ ಮೊದಲ ಹತ್ತು ಆಲ್ಬಮ್‌ಗಳ ಸಾಲಿಗೂ ಸೇರಿತ್ತು. ಅಂಥದ್ದೇ ಇನ್ನೊಂದು ಮಾಡಿದ್ದರೆ ಸಾಕಿತ್ತು.

ಗಾಯಕ ಮಾರ್ಕ್ ಹಾಲಿಸ್ ಹಾಗೆ ಮಾಡಲಿಲ್ಲ. ಲಂಡನ್ನಿನ ವೆಸೆಕ್ಸ್ ಸ್ಟುಡಿಯೋದಲ್ಲಿ ದೀಪ ಆರಿಸಿ, ತಿಂಗಳುಗಟ್ಟಲೆ ಕೂತರು. ಬಂದ ವಾದ್ಯದವರಿಗೆ ತೋಚಿದ್ದು ನುಡಿಸಿ ಅಂದರು. ನುಡಿಸಿದ್ದರಲ್ಲಿ ಉಳಿಸಿಕೊಂಡಿದ್ದು ಸ್ವಲ್ಪ. 1988ರಲ್ಲಿ ‘ಸ್ಪಿರಿಟ್ ಆಫ್ ಈಡನ್’ ಬಂತು. ಬರೀ ಆರು ಹಾಡು. ಜಾಝ್, ರಾಕ್, ಚರ್ಚಿನ ವೃಂದಗಾನ, ನಡುವೆ ಉದ್ದುದ್ದ ಮೌನ. ಒಂದು ಹಾಡಿನ ವಸ್ತು ಹೆರಾಯಿನ್ ಚಟ. ಕುಣಿಯೋಕೆ ಏನೂ ಇಲ್ಲ.

ಇಎಂಐ ಕಂಪನಿಯ ಜೊತೆಗಿನ ಜಗಳ ಕೋರ್ಟಿಗೆ ಹೋಯಿತು. ತಂಡ ಹೊರಬಂದು, 1991ರಲ್ಲಿ ಜಾಝ್‌ಗೆ ಹೆಸರಾದ ವರ್ವ್ ಲೇಬಲ್‌ನಲ್ಲಿ ‘ಲಾಫಿಂಗ್ ಸ್ಟಾಕ್’ ತಂದಿತು. ಅದೇ ಕೊನೆಯದು. ಹಾಲಿಸ್ 1998ರಲ್ಲಿ ಒಬ್ಬರೇ ಒಂದು ಆಲ್ಬಮ್ ಮಾಡಿ, ಹೆಚ್ಚುಕಡಿಮೆ ಸಂಗೀತಲೋಕದಿಂದಲೇ ದೂರವಾದರು. 2019ರಲ್ಲಿ ತೀರಿಕೊಂಡರು. ಅಂದು ಜನ ತಳ್ಳಿಹಾಕಿದ್ದ ಆಲ್ಬಮನ್ನು ಇಂದು ತಲೆಮೇಲೆ ಹೊತ್ತುಕೊಂಡಿದ್ದಾರೆ.

ಇದನ್ನೆಲ್ಲ ಓದಿ ನನಗೆ ನನ್ನ ಮೇಲೇ ನಗು ಬಂತು. ಇಪ್ಪತ್ತು ವರ್ಷದಿಂದ ನಮ್ಮ ಬಳಗದವರು ಎಲ್ಲಿ ಸೇರಿದರೂ ನನ್ನ ಹತ್ತಿರ ಒಂದೇ ಭಾವಗೀತೆ ಹಾಡಿಸ್ತಾರೆ. ಬೇರೆ ಎತ್ತಿಕೊಂಡರೆ, “ಅಯ್ಯೋ, ಅದನ್ನೇ ಹಾಡ್ರೀ” ಅಂತಾರೆ. ಪ್ರೀತಿಯಿಂದಲೇ ಅನ್ನೋದು, ಹಾಗಾಗಿ ಇಲ್ಲ ಅನ್ನೋಕೆ ಬಾಯಿ ಬರಲ್ಲ. ಹಾಲಿಸ್‌ಗೂ ಹಾಗೆ ಕೇಳಿದವರು ಎಷ್ಟು ಜನರೋ! ಅವರು ಅದಕ್ಕೆ ಕೊಟ್ಟ ಬೆಲೆ ಸಣ್ಣದಲ್ಲ.

ಮುಂದಿನ ವಾರ ನಾದಿನಿ ಮನೆ ಗೃಹಪ್ರವೇಶ. ಬೇರೆ ಹಾಡು ಹಾಡಬೇಕು ಅಂದುಕೊಂಡಿದ್ದೀನಿ. ಮೊನ್ನೆಯಿಂದ ಒಗ್ಗರಣೆ ಹಾಕುವಾಗ ಮೆಲ್ಲಗೆ ಅಭ್ಯಾಸ ನಡೀತಿದೆ. ಧೈರ್ಯ ಬರುತ್ತಾ, ನೋಡೋಣ.