ಸಂಬಳ ಸರ್ಕಾರದ್ದು, ಪುಸ್ತಕದ ಬೆಲೆ ವಿದ್ಯಾರ್ಥಿಯದ್ದು

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಪದವಿ ವಿದ್ಯಾರ್ಥಿಗಳು ಪುಸ್ತಕ ಕೊಳ್ಳದೆ ಜೆರಾಕ್ಸ್ ಅಂಗಡಿಗೆ ಓಡುತ್ತಾರೆ ಎಂದು ಮೂಗು ಮುರಿಯುವವರು ಇನ್ನಾದರೂ ಬಾಯಿ ಮುಚ್ಚಲಿ. ಭತ್ತದ ನಾಟಿ, ಹತ್ತಿ ಬಿಡಿಸುವ ಕೂಲಿಯಲ್ಲಿ ಶುಲ್ಕ ಹೊಂದಿಸುವ ಮನೆಗಳ ಮಕ್ಕಳು ಇವರು. ಆರು ಸೆಮಿಸ್ಟರಿಗೂ ಹೊಸ ಪುಸ್ತಕ ಎಲ್ಲಿಂದ ತರಬೇಕು?

ಅಣ್ಣನ ಪುಸ್ತಕ ತಂಗಿಗೆ ಆಗುತ್ತಿತ್ತು. ಅದಕ್ಕೂ ಕಲ್ಲು ಬಿತ್ತು. 2021ರಲ್ಲಿ ಒಂದು ಸರ್ಕಾರ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ತಂದಿತು. 2024ರಲ್ಲಿ ಮತ್ತೊಂದು ಸರ್ಕಾರ ಅದನ್ನು ಕಿತ್ತುಹಾಕಿತು. ನಡುವೆ ಗುಲಬರ್ಗಾ ವಿಶ್ವವಿದ್ಯಾಲಯದ ಕೈಯಿಂದ ನಮ್ಮ ಕಾಲೇಜುಗಳು ರಾಯಚೂರು ವಿಶ್ವವಿದ್ಯಾಲಯಕ್ಕೆ ಬಂದವು. ನೀತಿ ಬದಲಿಸಿದವರು ಆಳುವವರು, ದಂಡ ತೆತ್ತವರು ವಿದ್ಯಾರ್ಥಿಗಳು.

ಪಠ್ಯಕ್ರಮ ರೂಪಿಸುವುದು ಸರ್ಕಾರಿ ವಿಶ್ವವಿದ್ಯಾಲಯ. ಅಧ್ಯಯನ ಮಂಡಳಿಯಲ್ಲಿ ಕೂರುವ ಪ್ರಾಧ್ಯಾಪಕರಿಗೆ ಸಂಬಳ ಕೊಡುವುದು ಜನರ ತೆರಿಗೆ. ಹಾಗಿದ್ದಮೇಲೆ ಪಠ್ಯವೂ ಜನರದ್ದೇ. ಅದು ಮುಕ್ತ ಪರವಾನಗಿಯಲ್ಲಿ, ಕನ್ನಡದಲ್ಲಿ, ಯಾರು ಬೇಕಾದರೂ ಇಳಿಸಿಕೊಂಡು ಅಚ್ಚುಹಾಕಿಸಿಕೊಳ್ಳುವಂತೆ ಸಿಗಬೇಕು. ಕರ್ನಾಟಕ ಪಠ್ಯಪುಸ್ತಕ ಸಂಘ ಶಾಲಾ ಪುಸ್ತಕಗಳ ಪಿಡಿಎಫ್ ಅನ್ನು ಜಾಲತಾಣದಲ್ಲಿ ಇಟ್ಟಿದೆ. ಶಾಲಾ ಶಿಕ್ಷಕರಿಗಾಗಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) 2013ರಲ್ಲೇ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಯೋಜನೆ ಶುರುಮಾಡಿತ್ತು. ಹತ್ತನೇ ತರಗತಿವರೆಗೆ ಆಗುವುದು ಬಿ.ಎ.ಗೆ ಏಕಾಗದು?

‘ಸ್ವಯಂ ಇದೆಯಲ್ಲ, ಎಲ್ಲ ಮೊಬೈಲಿನಲ್ಲೇ ಸಿಗುತ್ತದೆ’ ಎನ್ನಬೇಡಿ. ಕೇಂದ್ರ ಸರ್ಕಾರದ ಆ ಆನ್‌ಲೈನ್ ಕಲಿಕಾ ತಾಣದ ಪಾಠಗಳು ಬಹುಪಾಲು ಇಂಗ್ಲಿಷಿನವು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಸ್ಕಿಯ ಹುಡುಗಿ ಅದನ್ನಿಟ್ಟುಕೊಂಡು ಏನು ಮಾಡಬೇಕು? ಇನ್ನು ಜೆರಾಕ್ಸ್ ಎಂದರೆ ಕಳ್ಳತನ ಎನ್ನುವವರು ದೆಹಲಿ ಹೈಕೋರ್ಟಿನ 2016ರ ತೀರ್ಪು ಓದಲಿ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಂಥ ಪ್ರಕಾಶನಗಳೇ ಜೆರಾಕ್ಸ್ ಅಂಗಡಿಯೊಂದರ ಮೇಲೆ ದಾವೆ ಹೂಡಿದ್ದವು. ಬೋಧನೆಗೆ ಬೇಕಾದ ನಕಲಿಗೆ ಹಕ್ಕುಸ್ವಾಮ್ಯ ಕಾಯ್ದೆಯಲ್ಲೇ ಅವಕಾಶವಿದೆ ಎಂದು ನ್ಯಾಯಾಲಯ ಹೇಳಿತು.

ರಾಜ್ಯಕ್ಕೆ ನಮ್ಮ ಹಟ್ಟಿಯ ಚಿನ್ನ ಬೇಕು, ಸಿಂಧನೂರಿನ ಅಕ್ಕಿ ಬೇಕು. ಕೊಡುವ ಸರದಿ ಬಂದಾಗ ಮಾತ್ರ ನಮಗೆ ಅಡಿಗಲ್ಲು, ಕಟ್ಟಡ, ಹೊಸ ಹೆಸರು. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದು ದಶಕ ದಾಟಿತು, ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. 2023–24ರ ಬಜೆಟ್ಟಿನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5000 ಕೋಟಿ ರೂಪಾಯಿ ಘೋಷಿಸಿದರು. ಸಾವಿರಾರು ಕೋಟಿಯ ಮಾತಾಡುವವರಿಗೆ ನಾಲ್ಕಾರು ವಿಷಯಗಳ ಪಠ್ಯ ಬರೆಸುವುದು ಭಾರವೇ?

ರಾಯಚೂರಿನ ವಿಶ್ವವಿದ್ಯಾಲಯ ಮೊದಲ ಸೆಮಿಸ್ಟರಿನ ಕನ್ನಡ, ಇತಿಹಾಸ, ಅರ್ಥಶಾಸ್ತ್ರದಿಂದಲೇ ಶುರುಮಾಡಲಿ. ಬರೆದ ಅಧ್ಯಾಪಕರಿಗೆ ಒಮ್ಮೆ ಗೌರವಧನ ಕೊಟ್ಟು ಮುಗಿಸಲಿ. ಅಲ್ಲಿಯವರೆಗೆ ಪುಸ್ತಕ ಕೊಳ್ಳಿ ಎಂದು ನಮ್ಮ ಮಕ್ಕಳಿಗೆ ಬುದ್ಧಿ ಹೇಳುವ ಹಕ್ಕು ಯಾರಿಗೂ ಇಲ್ಲ.